ಅಂಬೆಗಾಲಿಡುವ ಮಗು, ಮನೆಯ ನಾಯಿ: ಇಬ್ಬರನ್ನೂ ಜೋಪಾನ ಮಾಡೋದು ಹೇಗೆ?

ಕರಿಯನ ಮನೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮನೇಲಿ ಆರು ವರ್ಷದ ಗಂಡು ನಾಯಿ ಇದೆ, ಹೆಸರು ಕರಿಯ. ಮರಿಯಾಗಿದ್ದಾಗಿನಿಂದ ನಮ್ಮ ಜೊತೆಗೇ ಬೆಳೆದವನು. ಮಗಳಿಗೆ ಈಗ ಒಂಬತ್ತು ತಿಂಗಳು. ಅವಳು ಮಲಗಿಸಿದಲ್ಲೇ ಮಲಗಿರುವಷ್ಟು ಕಾಲ ಯಾವ ತಕರಾರೂ ಇರಲಿಲ್ಲ. ಒಮ್ಮೆ ಮೂಸಿ ನೋಡಿ ತನ್ನ ಪಾಡಿಗೆ ಹೋಗಿ ಮಲಗುತ್ತಿದ್ದ. ಈಗ ಅಂಬೆಗಾಲು ಶುರುವಾಗಿದೆ, ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲಲು ನೋಡುತ್ತಾಳೆ. ನಿನ್ನೆ ಸಂಜೆ ಕರಿಯ ಸೋಫಾ ಪಕ್ಕದ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿದ್ದ. ಇವಳು ಹೋಗಿ ಅವನ ಸೊಂಟದ ಮೇಲೆ ಎರಡೂ ಕೈ ಊರಿದಳು. ಗುರ್ ಅಂದ. ಕಚ್ಚಲಿಲ್ಲ, ಹಲ್ಲೂ ತೋರಿಸಲಿಲ್ಲ. ಆದರೆ ಆ ದನಿಯನ್ನು ನಾನು ಅವನಿಂದ ಯಾವತ್ತೂ ಕೇಳಿರಲಿಲ್ಲ. ಯಜಮಾನರು ಮಗುವನ್ನು ಎತ್ತಿಕೊಂಡು, ಅವನಿಗೆ ಜೋರಾಗಿ ಗದರಿ ಹೊರಗೆ ಕಟ್ಟಿಹಾಕಿದರು.

ಮನೆಯಲ್ಲಿ ಈಗ ಎರಡು ಮಾತು. ಅತ್ತೆ "ಯಾರಿಗಾದರೂ ಕೊಟ್ಟುಬಿಡಿ" ಅಂತಾರೆ. ಯಜಮಾನರು "ಮಗುವಿನ ಮುಂದೆ ತಗ್ಗಿ ಬಗ್ಗಿ ಇರೋದನ್ನ ಅವನಿಗೆ ಕಲಿಸಬೇಕು" ಅಂತಾರೆ. ನನಗೆ ಎರಡೂ ಮನಸ್ಸಿಗೆ ಒಪ್ಪುತ್ತಿಲ್ಲ. ಮಗಳಿಗೆ ಏನೂ ಆಗಬಾರದು, ಅದು ಮೊದಲನೆಯದು. ಆದರೆ ಕರಿಯನೂ ನಮ್ಮವನೇ. ಇಂಥದ್ದನ್ನು ದಾಟಿ ಬಂದವರು ದಾರಿ ಹೇಳಿ.

ಶ್ವಾನ ತರಬೇತುದಾರ

ಅಕ್ಕಾ, ಕರಿಯ ಗುರ್ ಅಂದದ್ದು ಒಳ್ಳೆಯದೇ ಆಯಿತು. ಮಗುವಿನ ಮುಖ ಅವನ ಬಾಯಿಗೆ ಎಟುಕುವಷ್ಟು ಹತ್ತಿರ ಇತ್ತು. ಕಚ್ಚಬಹುದಾಗಿತ್ತು, ಕಚ್ಚಲಿಲ್ಲ. "ನನ್ನ ಕೈಲಿ ಆಗ್ತಿಲ್ಲ, ಇವಳನ್ನ ಸರಿಸಿ" ಅಂತ ತನಗೆ ಗೊತ್ತಿರುವ ರೀತಿಯಲ್ಲಿ ಹೇಳಿದ. ಗುರ್ ಅಂದದ್ದಕ್ಕೆ ಹೊಡೆದರೆ, ಗದರಿದರೆ ಅವನ ಒಳಗಿನ ಅಸಹನೆ ಹೋಗುವುದಿಲ್ಲ, ಗುರ್ ಅನ್ನುವುದಷ್ಟೇ ನಿಂತುಹೋಗುತ್ತದೆ. "ಸುಳಿವೇ ಕೊಡದೆ ಕಚ್ಚಿಬಿಡ್ತು" ಅನ್ನುವ ದೂರು ಬರುವುದು ಎಷ್ಟೋ ಸಲ ಹೀಗೆ ಬಾಯಿ ಮುಚ್ಚಿಸಿದ ನಾಯಿಗಳ ಬಗ್ಗೆ. ಇನ್ನೊಂದು ತೊಂದರೆಯೂ ಇದೆ. ಮಗು ಹತ್ತಿರ ಬಂದಾಗಲೆಲ್ಲ ತನಗೆ ಬೈಗುಳ, ಹೊರಗೆ ಕಟ್ಟುವುದು ಅಂತಾದರೆ, ಮಗು ಬಂದರೆ ಕೆಟ್ಟದ್ದಾಗುತ್ತದೆ ಅಂತಲೇ ಅವನು ಕಲಿಯುತ್ತಾನೆ.

ಮತ್ತೆ ಆ ಜಾಗ ನೋಡಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಸೋಫಾ, ಎದುರಿಗೆ ಮಗು. ಎದ್ದು ಹೋಗಲು ಅವನಿಗೆ ದಾರಿಯೇ ಇರಲಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾನು ಮೊದಲು ನೋಡುವುದೇ ಇದನ್ನು: ನಾಯಿ ಎಲ್ಲೆಲ್ಲಿ ಮಲಗುತ್ತದೆ, ಅಲ್ಲಿಂದ ಹೊರಬೀಳಲು ದಾರಿ ಇದೆಯಾ. ಕಿರಿದಾದ ಓಣಿ, ಮೇಜಿನ ಅಡಿ, ಸೋಫಾ ಸಂದು, ಬಾಗಿಲ ಹಿಂದೆ, ಗುರ್ ಅನ್ನುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ಆ ಮೂಲೆಯನ್ನು ಇವತ್ತೇ ಏನಾದರೂ ಅಡ್ಡ ಇಟ್ಟು ಮುಚ್ಚಿಬಿಡಿ.

ಅವನಿಗೆ ಅಂತಲೇ ಒಂದು ಜಾಗ ಮಾಡಿ. ಬೇಬಿ ಗೇಟು (ಮಗು ದಾಟದ ಹಾಗೆ ಬಾಗಿಲಿಗೆ ಅಡ್ಡ ಹಾಕುವ ಗಿಡ್ಡ ಗೇಟು) ಹಾಕಿದ ಕೋಣೆಯಾದರೂ ಸರಿ, ಬಾಗಿಲು ತೆರೆದ ಕ್ರೇಟಾದರೂ (ನಾಯಿ ಮಲಗುವ ಗೂಡು) ಸರಿ. ಅಲ್ಲಿಗೆ ಮಗು ಯಾವತ್ತೂ ಹೋಗಬಾರದು. ಅಲ್ಲಿಗೆ ಕಳಿಸುವುದು ಶಿಕ್ಷೆ ಅಂತ ಅವನಿಗೆ ಅನ್ನಿಸಬಾರದು, ಹಾಗಾಗಿ ಅವನಿಗೆ ಇಷ್ಟವಾದ ತಿನಿಸನ್ನು ಅಲ್ಲೇ ಕೊಡಿ. ಇಬ್ಬರೂ ಒಂದೇ ಕೋಣೆಯಲ್ಲಿದ್ದಾಗ ದೊಡ್ಡವರೊಬ್ಬರು ನೆಲದ ಮೇಲೆ, ಇಬ್ಬರ ನಡುವೆ ಕೂತಿರಬೇಕು. ಅಡುಗೆಮನೆಯಿಂದ ಇಣುಕಿ ನೋಡುವುದು, ಫೋನ್ ಹಿಡಿದು ಪಕ್ಕದಲ್ಲಿ ಕೂರುವುದು ಇದಕ್ಕೆ ಸಾಲದು. ಬಚ್ಚಲಿಗೆ ಹೋಗುವಷ್ಟು ಹೊತ್ತಿಗೂ ಗೇಟು ಹಾಕಿಯೇ ಹೋಗಿ.

ಇಬ್ಬರು ಮಕ್ಕಳ ಅಪ್ಪ

ಬೇಜಾರು ಮಾಡ್ಕೋಬೇಡಿ, ನಾನು ಅತ್ತೆಯವರ ಕಡೆ. ಒಂದು ಸಲ ಗುರ್ ಅಂದ ನಾಯಿ ಇನ್ನೊಂದು ಸಲ ಕಚ್ಚೋದಿಲ್ಲ ಅಂತ ಯಾರು ಬರೆದು ಕೊಡ್ತಾರೆ? ಮಗುವಿನ ಮುಖದ ವಿಷಯ ಇದು. ಮತ್ತೆ ಮನೆಯಲ್ಲಿ ಯಜಮಾನ ಯಾರು ಅಂತ ನಾಯಿಗೆ ಗೊತ್ತಿರಬೇಕು ಅನ್ನೋದರಲ್ಲಿ ಏನು ತಪ್ಪು? ಗುಂಪಿನಲ್ಲಿ ಮಗು ತನಗಿಂತ ಕೆಳಗೆ ಅಂತ ಅದು ತಿಳಿದುಕೊಂಡಿದೆ.

ಶ್ವಾನ ತರಬೇತುದಾರ

ಸರ್, ನಿಮ್ಮ ಭಯ ನ್ಯಾಯವಾದದ್ದೇ. ಕಚ್ಚುವುದಿಲ್ಲ ಅಂತ ಬರೆದುಕೊಡಲು ಯಾವ ನಾಯಿಯ ಬಗ್ಗೆಯೂ ಆಗುವುದಿಲ್ಲ, ಗುರ್ ಅನ್ನದ ನಾಯಿಯ ಬಗ್ಗೆಯೂ ಅಷ್ಟೇ. ಅದಕ್ಕೇ ಗೇಟು, ಅದಕ್ಕೇ ನಡುವೆ ಕೂರುವುದು.

ಆದರೆ ಈ ಯಜಮಾನಿಕೆಯ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆ ಮಾತು ಬಂದದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕರು ಸೆರೆಯಲ್ಲಿದ್ದ ತೋಳಗಳನ್ನು ನೋಡಿ ಮೇಲು ಕೀಳಿನ ಜಗಳದ ಬಗ್ಗೆ ಬರೆದರು. ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದಾಗ ಆಗುವ ಜಗಳ ಅದು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ಸ್ಪಷ್ಟವಾಗಿ ಬರೆದರು: ಕಾಡಿನ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಅವರ ಮರಿಗಳು, ಅಷ್ಟೇ. ಸಿಂಹಾಸನಕ್ಕಾಗಿ ಕಾದಾಟ ಅಲ್ಲಿನ ದಿನನಿತ್ಯದ ಬಾಳಲ್ಲ. ಇನ್ನು ನಾಯಿ ತೋಳವೂ ಅಲ್ಲ. ಮಗುವಿನ ಕಡೆಗೆ ಗುರ್ ಅನ್ನುವ ನಾಯಿಯನ್ನು ಮಗುವಿನ ಮುಂದೆಯೇ ಕೆಡವಿ ಅದುಮಿ ಹಿಡಿದರೆ ಅದರ ಹೆದರಿಕೆ ಇಮ್ಮಡಿಯಾಗುತ್ತದೆ, ಅದನ್ನು ಉಣ್ಣುವವಳು ಮಗು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಪಶುವೈದ್ಯೆ

ನಾನು ಕೇಳಬೇಕಾದದ್ದು ಬೇರೆ. ಮಗು ಕೈ ಊರಿದ್ದು ಸೊಂಟದ ಮೇಲೆ ಅಂದಿರಿ. ಕರಿಯನಿಗೆ ಅಲ್ಲಿ ನೋವಿದೆಯಾ?

ಮಕ್ಕಳನ್ನು ಕಚ್ಚಿದ ನಾಯಿಗಳ ಬಗ್ಗೆ ಇಲಾನಾ ರೈಸ್ನರ್ ಎಂಬ ಪಶುವೈದ್ಯೆ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪರೀಕ್ಷೆ ಮಾಡಿದ 103 ನಾಯಿಗಳಲ್ಲಿ ಅರ್ಧದಷ್ಟಕ್ಕೆ ನೋವು ಅಥವಾ ಬೇರೆ ಕಾಯಿಲೆ ಇತ್ತು, ಇಲ್ಲವೇ ಇರುವ ಗುಮಾನಿ ಇತ್ತು. ಮುಕ್ಕಾಲು ಪಾಲಿಗಿಂತ ಹೆಚ್ಚಿನವುಗಳಲ್ಲಿ ಆತಂಕದ ಲಕ್ಷಣ ಕಂಡಿತ್ತು. ಅದಕ್ಕಿಂತ ಮುಖ್ಯ ಅಂತ ನನಗನ್ನಿಸುವುದು ಇನ್ನೊಂದು: ಮೂರರಲ್ಲಿ ಎರಡು ಪಾಲು ನಾಯಿಗಳು ಅದಕ್ಕೆ ಮೊದಲು ಯಾವ ಮಗುವನ್ನೂ ಕಚ್ಚಿರಲಿಲ್ಲ. "ನಮ್ಮದು ಪಾಪದ ನಾಯಿ, ಏನೂ ಮಾಡಲ್ಲ" ಅನ್ನುವ ಧೈರ್ಯದ ಮೇಲೆ ಮನೆ ನಡೆಸಬಾರದು ಅನ್ನುವುದು ಅದಕ್ಕೇ. ಪುಟ್ಟ ಮಕ್ಕಳನ್ನು ಕಚ್ಚುವುದು ಬೀದಿಯ ಅಪರಿಚಿತ ನಾಯಿ ಮಾತ್ರವಲ್ಲ, ಎಷ್ಟೋ ಸಲ ಅದು ಮನೆಯದ್ದೋ ಪರಿಚಯದವರದ್ದೋ ಆಗಿರುತ್ತದೆ. ಗಾಯ ಆಗುವುದು ಮುಖ, ತಲೆ, ಕುತ್ತಿಗೆಯ ಮೇಲೆ, ಏಕೆಂದರೆ ಆ ವಯಸ್ಸಿನಲ್ಲಿ ಮಗುವಿನ ಮುಖ ನಾಯಿಯ ಮೂತಿಯ ಎತ್ತರಕ್ಕೇ ಇರುತ್ತದೆ.

ಆರು ವರ್ಷ ಅಂದರೆ ಮುದಿತನವಲ್ಲ. ಆದರೆ ದೊಡ್ಡ ಜಾತಿಯ ನಾಯಿಯಾದರೆ ಸೊಂಟದ ಕೀಲು ಸವೆಯಲು ಶುರುವಾಗಿರಬಹುದು. ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುವುದು, ಎದ್ದ ಕೂಡಲೇ ಮೊದಲ ಕೆಲವು ಹೆಜ್ಜೆ ಬಿಗಿಯಾಗಿ ಇಡುವುದು, ಒಂದೇ ಜಾಗವನ್ನು ಸದಾ ನೆಕ್ಕುತ್ತಿರುವುದು, ಹಿಂದೆ ಹತ್ತುತ್ತಿದ್ದ ಸೋಫಾವನ್ನು ಈಗ ಬಿಟ್ಟಿರುವುದು, ಇದರಲ್ಲಿ ಏನಾದರೂ ಗಮನಿಸಿದ್ದೀರಾ? ಕಿವಿಯ ಸೋಂಕು, ಹಲ್ಲುನೋವು ಕೂಡ ಎಷ್ಟೋ ಸಾಧು ನಾಯಿಗಳನ್ನು ಸಿಡುಕು ಮಾಡುತ್ತವೆ. ತರಬೇತಿಗೆ ಮುಂಚೆ ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ. ನೋವಿರುವ ನಾಯಿಗೆ ತಾಳ್ಮೆ ಕಲಿಸಲು ಹೊರಡುವುದು ಅನ್ಯಾಯ.

ಕರಿಯನ ಮನೆಯವಳು

ಡಾಕ್ಟ್ರೇ, ಓದಿ ಮೈ ಜುಮ್ ಅಂತು. ಸೋಫಾ ಹತ್ತುವುದನ್ನು ಅವನು ಬಿಟ್ಟು ಸುಮಾರು ದಿನ ಆಯ್ತು. ಮಗು ಬಂದ ಮೇಲೆ ಬುದ್ಧಿ ಬಂದಿದೆ ಅಂದುಕೊಂಡಿದ್ದೆವು. ಈ ವಾರವೇ ತೋರಿಸ್ತೀನಿ.

ಒಂದು ವಿಷಯ ಕೇಳಬೇಕು. ಮಗಳು ಹತ್ತಿರ ಬಂದರೆ ಅವನು ತುಟಿ ನೆಕ್ಕಿಕೊಳ್ತಾನೆ, ಆಕಳಿಸ್ತಾನೆ, ಮುಖ ಆ ಕಡೆ ತಿರುಗಿಸ್ತಾನೆ. ನಿದ್ದೆ ಬಂದಿದೆ ಅಂತ ನಾವು ಬಿಟ್ಟಿದ್ವಿ. ಬಾಲ ಬೇರೆ ಆಡಿಸ್ತಾನೆ. ಹಾಗಿದ್ದರೆ ಖುಷಿಯಾಗಿದ್ದಾನೆ ಅಂತ ಅಲ್ವಾ?

ಶ್ವಾನ ತರಬೇತುದಾರ

ನೀವು ಬರೆದ ಆ ಮೂರೂ ಅವನು ಗುರ್ ಅನ್ನುವುದಕ್ಕೆ ಎಷ್ಟೋ ಮೊದಲೇ ಹೇಳುತ್ತಿದ್ದ ಮಾತುಗಳು. ಕೆಂಡಲ್ ಶೆಫರ್ಡ್ ಎಂಬ ಬ್ರಿಟಿಷ್ ಪಶುವೈದ್ಯೆ ಇದನ್ನು ಏಣಿಯ ರೂಪದಲ್ಲಿ ಜೋಡಿಸಿ ತೋರಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕುವುದು. ಆಮೇಲೆ ತಲೆ ತಿರುಗಿಸುವುದು, ಮೈ ತಿರುಗಿಸುವುದು, ಎದ್ದು ಹೋಗುವುದು, ಕಿವಿ ಹಿಂದಕ್ಕೆ ಮಲಗಿಸಿ ಕುಗ್ಗುವುದು, ಬಾಲ ಮುದುರುವುದು. ಅದನ್ನೂ ಯಾರೂ ಕೇಳಿಸಿಕೊಳ್ಳದಿದ್ದರೆ ಮೈ ಬಿಗಿದು ದಿಟ್ಟಿಸುವುದು, ಗುರ್ ಅನ್ನುವುದು, ಗಾಳಿಯಲ್ಲಿ ಬಾಯಿ ಹಾಕುವುದು, ಕೊನೆಗೆ ಕಚ್ಚುವುದು. ಪ್ರತಿ ನಾಯಿಯೂ ಎಲ್ಲ ಮೆಟ್ಟಿಲನ್ನೂ ಸಾಲಾಗಿ ಹತ್ತುತ್ತದೆ ಅಂತಲ್ಲ. ಕೆಳಗಿನ ಮೆಟ್ಟಿಲುಗಳಿಂದ ಕೆಲಸವಾಗಲಿಲ್ಲ ಅಂತ ಒಮ್ಮೆ ಕಲಿತ ನಾಯಿ ನೇರವಾಗಿ ಮೇಲಿನದಕ್ಕೇ ಹಾರಬಹುದು.

ಬಾಲದ ಬಗ್ಗೆ: ಅಲ್ಲಾಡುವ ಬಾಲ ನಾಯಿ ಉದ್ರೇಕದಲ್ಲಿದೆ ಅಂತ ಮಾತ್ರ ಹೇಳುತ್ತದೆ. ಸೊಂಟವೂ ಸೇರಿ ಇಡೀ ಮೈ ಸಡಿಲವಾಗಿ ತೂಗುತ್ತಾ ಬಾಲ ಆಡಿಸಿದರೆ ಸಂತೋಷ. ಮೈ ಬಿಗಿಯಾಗಿದ್ದು ಬಾಲ ಮಾತ್ರ ಸೆಟೆದು ಅತ್ತಿತ್ತ ಆಡುತ್ತಿದ್ದರೆ ಅದು ಸಂತೋಷ ಅಲ್ಲ.

ಕಣ್ಣು ನೋಡಿ. ತಲೆ ಒಂದು ಕಡೆ, ಕಣ್ಣು ಮಗುವಿನ ಕಡೆ ವಾಲಿ, ಬಿಳಿಭಾಗ ಅರ್ಧಚಂದ್ರದ ಹಾಗೆ ಕಾಣುತ್ತಿದ್ದರೆ ಆ ಕ್ಷಣವೇ ಮಗುವನ್ನು ದೂರ ಮಾಡಿ. ಬಾಯಿ ನೋಡಿ. ತೆರೆದ ಬಾಯಿಯಲ್ಲಿ ತೇಕುತ್ತಿದ್ದ ನಾಯಿ ಪಟ್ಟನೆ ಬಾಯಿ ಮುಚ್ಚಿ, ಉಸಿರು ಹಿಡಿದ ಹಾಗೆ ಕಲ್ಲಾಗಿ ನಿಂತರೆ ಅದು ಎಲ್ಲಕ್ಕಿಂತ ಅಪಾಯದ ಗುರುತು. ಎಷ್ಟೋ ಜನ ಇದನ್ನು "ನೋಡಿ, ಎಷ್ಟು ಸುಮ್ಮನೆ ತಡ್ಕೊಳ್ತಾನೆ" ಅಂದುಕೊಳ್ಳುತ್ತಾರೆ. ಆಗ ನಾಯಿಯ ಮೇಲೆ ಕೂಗಬೇಡಿ, ಬೆಲ್ಟ್ ಹಿಡಿದು ಎಳೆಯಬೇಡಿ. ಮಗುವನ್ನು ಹಿಂದಿನಿಂದ ಸಮಾಧಾನವಾಗಿ ಎತ್ತಿ, ಅಥವಾ ನಾಯಿಯನ್ನು ನಲ್ಮೆಯ ದನಿಯಲ್ಲಿ ನಿಮ್ಮ ಕಡೆ ಕರೆಯಿರಿ.

ಈ ಕರೆಯುವ ಅಭ್ಯಾಸವನ್ನು ಏನೂ ಗಲಾಟೆ ಇಲ್ಲದ ಹೊತ್ತಿನಲ್ಲೇ ಮಾಡಿಸಿ. ಮಗು ಕೋಣೆಯ ಆ ತುದಿಯಲ್ಲಿರಲಿ, "ಕರಿಯಾ, ಬಾ" ಅನ್ನಿ, ಬಂದ ಕೂಡಲೇ ತಿನಿಸು. ಕ್ರಮೇಣ ಅವಳು ತನ್ನ ಕಡೆ ಹೊರಟದ್ದನ್ನು ಕಂಡರೆ ಅವನೇ ಎದ್ದು ನಿಮ್ಮ ಹತ್ತಿರ ಬರುತ್ತಾನೆ. ಎದ್ದು ಹೋಗುವುದೇ ಲಾಭ ಅಂತ ಕಲಿತ ನಾಯಿಗೆ ಗುರ್ ಅನ್ನುವ ಅಗತ್ಯ ಬೀಳುವುದು ಕಡಿಮೆ.

ಮೊಮ್ಮಗನ ಅಜ್ಜಿ

ನಾನು ಮಗುವಿನ ಕಡೆಯಿಂದ ಹೇಳ್ತೀನಮ್ಮ. ನನ್ನ ಮೊಮ್ಮಗನಿಗೆ ಮೂರೂವರೆ. ಎರಡು ವರ್ಷದವರೆಗೆ "ಮುಟ್ಟಬೇಡ" ಅಂದರೆ ಅವನ ಕಿವಿಗೆ "ಮುಟ್ಟು" ಅಷ್ಟೇ ಬೀಳ್ತಿತ್ತು. ಆ ವಯಸ್ಸಿನ ಮಗುವಿಗೆ ನಿಯಮ ಹೇಳಿಕೊಡಬಹುದು, ಅದರ ಮೇಲೆ ಭಾರ ಹಾಕಬಾರದು. ತಿಳಿದಿದ್ದರೂ ಆ ಗಳಿಗೆಯಲ್ಲಿ ಕೈ ತಡೆಯೋಕೆ ಅವಕ್ಕೆ ಆಗಲ್ಲ.

ನಾನು ಮಾಡಿದ್ದು ಬೊಂಬೆಯಾಟ. ಬಟ್ಟೆಯ ನಾಯಿಯೊಂದಿತ್ತು. ಅದನ್ನ ಮಲಗಿಸಿ, "ನಾಯಿ ತಾಚಿ ಮಾಡ್ತಿದೆ, ಈಗ ಏನ್ಮಾಡೋಣ?" ಅಂತ ಕೇಳೋದು. "ದೂರದಿಂದ ಕರೆಯೋಣ" ಅಂತ ಹೇಳಿಸೋದು. ಬೊಂಬೆಯ ಬಾಯಿಗೆ ತಿಂಡಿ ಇಟ್ಟು, "ಊಟ ಮಾಡ್ತಿದೆ, ಈಗ?" "ಬಿಟ್ಟುಬಿಡೋಣ." ಆಮೇಲೆ ಮುಟ್ಟೋ ರೀತಿ. ಒಂದೇ ಕೈ. ಬೆರಳು ಮಡಚದೆ, ಅಂಗೈಯಿಂದ. ತಲೆ ಮೇಲಲ್ಲ, ಎದೆ ಪಕ್ಕ ಅಥವಾ ಭುಜದ ಮೇಲೆ, ಕೂದಲು ಓಡುವ ದಿಕ್ಕಿಗೆ. ಎರಡು ಮೂರು ಸಲ ಸವರಿ ಕೈ ತೆಗೆದುಬಿಡೋದು. ತೆಗೆದ ಮೇಲೆ ನಾಯಿ ಇನ್ನೂ ಹತ್ತಿರ ಒತ್ತಿ ಬಂದರೆ ಅದಕ್ಕೆ ಬೇಕು ಅಂತ. ಸುಮ್ಮನೆ ನಿಂತರೆ, ಮುಖ ತಿರುಗಿಸಿದರೆ, ಮೈ ಕೊಡವಿಕೊಂಡು ಹೋದರೆ ಸಾಕು ಅಂತ. ಈಗ ಮೊಮ್ಮಗ ತಾನೇ ಕೈ ತೆಗೆದು ಕಾಯ್ತಾನೆ, ನಾಯಿ ಹೋದರೆ "ಅವಳಿಗೆ ಬೇಡ್ವಂತೆ ಅಜ್ಜೀ" ಅಂತ ಬಂದು ಹೇಳ್ತಾನೆ.

ಇನ್ನೊಂದು, ನಾಯಿ ಹತ್ತಿರಕ್ಕೆ ಮಗು ಹೋಗೋದಲ್ಲ, ನಾಯಿಯನ್ನ ಕರೆದು ಅದು ಬಂದರೆ ಮಾತ್ರ ಮುಟ್ಟೋದು. ನಮ್ಮನೇಲಿ ಇದು ಕಟ್ಟುನಿಟ್ಟು. ಓಡುವಾಗ, ಕಿರುಚುವಾಗ ನಾಯಿ ಹಿಂದೆ ಬಿದ್ದರೆ "ಮರ ಆಗು" ಅಂತ ಆಡಿಸ್ತೀವಿ: ನಿಂತಲ್ಲೇ ನಿಂತು, ಕೈ ಕೆಳಗೆ ಜೋಡಿಸಿ, ಪಾದ ನೋಡ್ತಾ ಇರೋದು. ಓಡುವುದು ನಿಂತರೆ ನಾಯಿಗೂ ಆಟ ಮುಗೀತು. ಬಿದ್ದರೆ ಬೋರಲಾಗಿ ಮುದುರಿ, ಕೈಯಿಂದ ಕುತ್ತಿಗೆ, ಕಿವಿ ಮುಚ್ಚಿಕೊಂಡು ಕಲ್ಲಾಗೋದು. ಅಪರಿಚಿತ ನಾಯಿ ಎದುರಾದರೂ ಇದೇ ಆಟ ಕೆಲಸಕ್ಕೆ ಬರುತ್ತೆ.

ಪಶುವೈದ್ಯೆ

ಅಜ್ಜಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಕೆರ್ಸ್ಟಿನ್ ಮೈಂಟ್ಸ್ ಮತ್ತು ಸಂಗಡಿಗರು ನಡೆಸಿ, 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ನಾಯಿಗಳ ವಿಡಿಯೊ ತೋರಿಸಿ ಅವು ಹೇಗಿವೆ ಅಂತ ಕೇಳಿದರು. ಹಲ್ಲು ಕಿರಿದು ಗುರುಗುಟ್ಟುವ ನಾಯಿಯನ್ನು ನೋಡಿ "ನಗ್ತಿದೆ" ಅಂದ ಪುಟ್ಟ ಮಕ್ಕಳು ಬಹಳ. ಅದೇ ತಂಡದ ಹಿಂದಿನ ಕೆಲಸದಲ್ಲಿ ಕಂಡದ್ದು, ಚಿಕ್ಕ ಮಕ್ಕಳು ಕುತೂಹಲವಾದದ್ದನ್ನು ನೋಡಲು ಮುಖವನ್ನೇ ಹತ್ತಿರ ತರುತ್ತಾರೆ ಎಂಬುದು. ಇವೆರಡನ್ನೂ ಕೂಡಿಸಿ ನೋಡಿ. ಹಲ್ಲು ತೋರಿಸುವ ನಾಯಿಯ ಕಡೆಗೆ ಮಗು ಮುಖ ಬಗ್ಗಿಸಿಕೊಂಡು ಹೋಗುತ್ತದೆ. ಸಂತೋಷದ ಸಂಗತಿ ಏನೆಂದರೆ, ಹೇಳಿಕೊಟ್ಟ ಮೇಲೆ ಮಕ್ಕಳ ತಿಳಿವಳಿಕೆ ಸುಧಾರಿಸಿತ್ತು. ಹಾಗಾಗಿ ಬೊಂಬೆಯಾಟದ ಜೊತೆಗೆ ಚಿತ್ರ, ವಿಡಿಯೊ ತೋರಿಸಿ "ಈ ನಾಯಿಗೆ ಹೇಗನ್ನಿಸ್ತಿದೆ?" ಅಂತ ಕೇಳುತ್ತಿರಿ.

ಮರಿ ತಂದವರು

ನಮ್ಮದು ಉಲ್ಟಾ ಕಥೆ. ಮಗನಿಗೆ ನಾಲ್ಕು ವರ್ಷ, ನಾಯಿಮರಿಗೆ ಮೂರು ತಿಂಗಳು. ಮರಿ ಅವನ ಕಾಲು, ಚಡ್ಡಿ ಎಲ್ಲ ಹಿಡಿದು ಕಚ್ಚುತ್ತೆ, ಅವನು ಕಿರುಚಿ ಓಡ್ತಾನೆ, ಅದು ಇನ್ನೂ ಜೋರು ಮಾಡುತ್ತೆ. ಈಗ ಅವನಿಗೆ ಮರಿ ಕಂಡರೇ ಭಯ.

ಶ್ವಾನ ತರಬೇತುದಾರ

ಇದು ಮರಿಗಳ ಸಹಜ ಆಟ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ತನಕ, ಅಂದರೆ ಸುಮಾರು ಆರೇಳು ತಿಂಗಳವರೆಗೆ, ಬಾಯಿ ಹಾಕುವುದು ಇದ್ದೇ ಇರುತ್ತದೆ. ಆದರೆ ನಾಲ್ಕು ವರ್ಷದ ಮಗುವಿಗೆ ಅದನ್ನು ತಿದ್ದುವ ಕೆಲಸ ಕೊಡಬೇಡಿ, ಅದು ನಿಮ್ಮದು. ಮರಿಗೆ ಮನೆಯೊಳಗೂ ಹಗುರವಾದ ಹಗ್ಗ ಕಟ್ಟಿ, ನೀವಿರುವಾಗ ಮಾತ್ರ. ಕಾಲಿಗೆ ಹೊರಟ ಕೂಡಲೇ ಹಗ್ಗ ಹಿಡಿದು ತಡೆದು, ಬಾಯಿಗೆ ಕಚ್ಚುವ ಆಟಿಕೆ ಕೊಡಿ. ಅತಿಯಾಗಿ ಕಚ್ಚುವ ಮರಿ ಎಷ್ಟೋ ಸಲ ನಿದ್ದೆಗೆಟ್ಟ ಮರಿ. ಆ ವಯಸ್ಸಿನಲ್ಲಿ ದಿನದ ಮುಕ್ಕಾಲು ಭಾಗ ಅದು ಮಲಗಬೇಕು, ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬಿಡುವೇ ಸಿಗುವುದಿಲ್ಲ.

ಮಗನಿಗೆ ಗೇಟಿನ ಆಚೆ ನಿಂತು ಮಾಡುವ ಕೆಲಸ ಕೊಡಿ. ಮರಿ ಕೂತರೆ ತಿನಿಸನ್ನು ನೆಲಕ್ಕೆ ಎಸೆಯುವುದು. ಬೆರಳಿನಿಂದ ತಿನ್ನಿಸುವುದು ಬೇಡ. ಎಸೆದಾಗ ಮರಿಯ ಕಣ್ಣು ನೆಲದ ಮೇಲೆ, ಅವನ ಕೈ ಮೇಲಲ್ಲ. "ನಾನು ಹೇಳಿದರೆ ಕೂರುತ್ತೆ" ಅನ್ನುವುದು ಅವನಿಗೆ ಸಿಕ್ಕಿತು ಅಂದರೆ ಭಯ ತಾನೇ ಇಳಿಯುತ್ತದೆ. ಅಡಗಿಸಿಟ್ಟದ್ದನ್ನು ಹುಡುಕಿಸುವ ಆಟವೂ ಚೆನ್ನ. ಹಗ್ಗ ಜಗ್ಗಾಟ, ಹಿಡಿಯೋ ಓಡೋ ಆಟ ಸದ್ಯಕ್ಕೆ ಬೇಡ. ವಾಕಿಂಗ್ ಹೋಗುವಾಗ ಮಗನಿಗೂ ಒಂದು ಹಗ್ಗ ಹಿಡಿಯುವ ಆಸೆ ಇದ್ದರೆ ಎರಡನೆಯ ಹಗ್ಗ ಕಟ್ಟಿಕೊಡಿ, ನಿಜವಾದ ಹಿಡಿತ ನಿಮ್ಮ ಕೈಯಲ್ಲಿರಲಿ.

ಚೊಚ್ಚಲ ಬಸುರಿ

ನನಗೆ ಈಗ ಆರನೇ ತಿಂಗಳು. ಮನೆಯಲ್ಲಿ ಹೆಣ್ಣು ನಾಯಿ, ನನ್ನ ಮಂಚದ ಮೇಲೇ ಮಲಗುತ್ತಾಳೆ. ಆಸ್ಪತ್ರೆಯಿಂದ ಮಗುವಿನ ಬಟ್ಟೆ ಮೊದಲೇ ತಂದು ಮೂಸಿಸಿದರೆ ಸಾಕು ಅಂತಾರಲ್ಲ, ನಿಜವಾ?

ಪಶುವೈದ್ಯೆ

ಬಟ್ಟೆ ಮೂಸಿಸುವುದರಿಂದ ಕೆಡುಕಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ. ಅವಳಿಗೆ ಕಷ್ಟ ಆಗುವುದು ವಾಸನೆಯಿಂದಲ್ಲ, ದಿನಚರಿ ಒಂದೇ ದಿನದಲ್ಲಿ ತಲೆಕೆಳಗಾಗುವುದರಿಂದ. ಮಂಚ ಬಿಡಬೇಕೆಂದರೆ ಈಗಲೇ ಬಿಡಿಸಿ, ಪಕ್ಕದಲ್ಲಿ ಅವಳದೇ ಹಾಸಿಗೆ ಹಾಕಿ ಅಲ್ಲಿ ಮಲಗಿದ್ದಕ್ಕೆ ಮೆಚ್ಚಿ. ವಾಕಿಂಗ್ ಹೊತ್ತು ಬದಲಾಗುವುದಿದ್ದರೆ, ಬೇರೆಯವರು ಕರೆದುಕೊಂಡು ಹೋಗುವುದಿದ್ದರೆ ಅದೂ ಈಗಲೇ ಆಗಲಿ. ಗೇಟು ಈಗಲೇ ಹಾಕಿ. ಮಗು ಬಂದ ಮೇಲೆ ಹಾಕಿದರೆ ಮಗುವಿನಿಂದಲೇ ತಾನು ಹೊರಗಾದೆ ಅಂತ ಅವಳ ತಲೆಯಲ್ಲಿ ಕೂರುತ್ತದೆ. ಮಗುವಿನ ಅಳುವನ್ನು ಮೆಲ್ಲಗೆ, ಅವಳು ಕಿವಿ ನಿಮಿರಿಸಿದರೂ ಕಂಗಾಲಾಗದಷ್ಟು ಸಣ್ಣ ದನಿಯಲ್ಲಿ ಹಾಕಿ, ಜೊತೆಗೆ ತಿನಿಸು ಕೊಡಿ, ದಿನಗಳೆದಂತೆ ದನಿ ಏರಿಸಿ.

ಮನೆಗೆ ಬಂದ ದಿನ ಮಗುವನ್ನು ಬೇರೆಯವರ ಕೈಗೆ ಕೊಟ್ಟು ನೀವೊಬ್ಬರೇ ಒಳಗೆ ಹೋಗಿ ಅವಳನ್ನು ಮಾತಾಡಿಸಿ. ಅವಳ ಕುಣಿತ ಮುಗಿದ ಮೇಲೆ, ಹಗ್ಗದಲ್ಲಿ, ದೂರದಿಂದ ಪರಿಚಯ ಸಾಕು. ಮಗುವಿನ ಮುಖದ ಹತ್ತಿರ ಮೂಸಿಸಿ ಪರಿಚಯ ಮಾಡಿಸಬೇಕೆಂಬ ಯಾವ ನಿಯಮವೂ ಇಲ್ಲ. ಮಗು ಮಲಗುವ ಕೋಣೆಯಲ್ಲಿ ನಾಯಿ ಒಬ್ಬಳೇ ಇರುವುದು ಬೇಡವೇ ಬೇಡ. ಬಹುತೇಕ ಮನೆಗಳಲ್ಲಿ ಮಗು ಮಲಗಿದ ಮೇಲೆಯೇ ನಾಯಿಗೆ ಪ್ರೀತಿ ಸಿಗುತ್ತದೆ. ಅದನ್ನು ತಿರುಗಿಸಿ. ಮಗು ಎದುರಿಗಿದ್ದಾಗಲೇ ಅವಳಿಗೆ ಮಾತು, ತಿನಿಸು ಸಿಗಲಿ.

ಜಂತುಹುಳದ ಔಷಧಿ, ಲಸಿಕೆ ತಪ್ಪಿಸಬೇಡಿ. ದುಂಡುಹುಳದ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಿದ್ದು, ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆ ಸೋಂಕು ತರುತ್ತದೆ. ಮಣ್ಣಾಡುವ ಮಕ್ಕಳ ಕೈ ತೊಳೆಯುವುದು, ಮಲವನ್ನು ಆಗಿಂದಾಗಲೇ ಎತ್ತುವುದು ಅದಕ್ಕೇ. ಹಾಗಂತ ನಾಯಿ ಇದ್ದರೆ ಮಗುವಿಗೆ ಕಾಯಿಲೆ ಅಂತಲ್ಲ. ಫಿನ್ಲೆಂಡಿನಲ್ಲಿ 397 ಮಕ್ಕಳನ್ನು ಹುಟ್ಟಿನಿಂದ ಒಂದು ವರ್ಷದವರೆಗೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯಲ್ಲಿ ನಾಯಿಯ ಒಡನಾಟವಿದ್ದ ಮಕ್ಕಳಿಗೆ ಉಸಿರಾಟದ ಸೋಂಕು, ಕಿವಿಯ ಸೋಂಕು ಕಡಿಮೆಯೇ ಕಂಡಿತ್ತು.

ಇಬ್ಬರು ಮಕ್ಕಳ ಅಪ್ಪ

ಎಲ್ಲ ಓದಿದೆ, ಗೇಟಿನ ಮಾತು ಒಪ್ಪಿದೆ. ಊಟದ ಬಗ್ಗೆ ಕೇಳ್ತೀನಿ. ತಿನ್ನುವಾಗ ನಾಯಿಯ ಬಟ್ಟಲಿಗೆ ಕೈ ಹಾಕಿ ಹಾಕಿ ಅಭ್ಯಾಸ ಮಾಡಿಸಿದರೆ ಮುಂದೆ ಮಗು ಕೈ ಹಾಕಿದರೂ ಸುಮ್ಮನಿರುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ.

ಶ್ವಾನ ತರಬೇತುದಾರ

ಸರ್, ಅದರಿಂದ ಆಗುವುದು ತಿರುವುಮುರುವು. ತಿನ್ನುವಾಗೆಲ್ಲ ಒಂದು ಕೈ ಬಂದು ಕಿತ್ತುಕೊಳ್ಳುತ್ತದೆ ಅಂತ ಕಲಿತ ನಾಯಿ ಗಬಗಬ ನುಂಗುತ್ತದೆ, ಬಟ್ಟಲಿನ ಮೇಲೆ ಕವುಚಿ ನಿಲ್ಲುತ್ತದೆ. ಡಾಕ್ಟ್ರು ಹೇಳಿದ ಆ 2007ರ ಅಧ್ಯಯನದಲ್ಲೇ ಆರು ವರ್ಷದ ಒಳಗಿನ ಮಕ್ಕಳನ್ನು ನಾಯಿ ಕಚ್ಚಿದ ಸಂದರ್ಭಗಳಲ್ಲಿ ಹೆಚ್ಚಾಗಿ ಕಂಡದ್ದು ಊಟ, ಆಟಿಕೆ ಮುಂತಾದ "ನನ್ನದು" ಅನ್ನುವ ವಸ್ತುಗಳ ಸುತ್ತ. ನಾಯಿಯ ಊಟ ಗೇಟಿನ ಒಳಗೆ, ಖಾಲಿ ಬಟ್ಟಲನ್ನು ದೊಡ್ಡವರು ಎತ್ತಬೇಕು. ಬಾಯಲ್ಲಿ ಹಿಡಿದದ್ದನ್ನು ಬಿಡಿಸಬೇಕಾದರೆ ಅದಕ್ಕಿಂತ ಒಳ್ಳೆಯದನ್ನು ತೋರಿಸಿ ಬದಲಿ ಮಾಡಿ. ಮಗುವಿಗೆ ಒಂದೇ ಮಾತು: ನಾಯಿಯ ಬಾಯಲ್ಲಿ ಏನೇ ಇದ್ದರೂ, ಅದು ತನ್ನ ಆಟಿಕೆಯೇ ಆಗಿದ್ದರೂ, ದೊಡ್ಡವರನ್ನು ಕರೆಯಬೇಕು. ಮಗು ಊಟಕ್ಕೆ ಕೂತಾಗಲೂ ಹಾಗೆ. ಎತ್ತರದ ಕುರ್ಚಿಯಿಂದ ಉದುರುವುದನ್ನು ಕಾಯುತ್ತಾ ಕೂರುವ ನಾಯಿ, ಕೆಳಗಿಳಿದ ಮಗುವಿನ ಜೊತೆ ಅದೇ ತುಣುಕಿಗೆ ಪೈಪೋಟಿಗೆ ಬೀಳುತ್ತದೆ.

ಅವಳಿ ಮಕ್ಕಳ ಅಮ್ಮ

ಫೋಟೊಗಳ ಬಗ್ಗೆ ನನಗೆ ಹೇಳಲೇಬೇಕು ಅನ್ನಿಸುತ್ತೆ. ಮಗು ನಾಯಿಯ ಕುತ್ತಿಗೆಗೆ ಜೋತುಬಿದ್ದ, ಬೆನ್ನ ಮೇಲೆ ಕೂತ ಚಿತ್ರಗಳಿಗೆ ಎಷ್ಟು ಮೆಚ್ಚುಗೆ! ಆ ನಾಯಿಯ ಕಿವಿ, ಕಣ್ಣು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತೆ. ಅಪ್ಪಿಕೊಳ್ಳುವುದು ನಮ್ಮ ಪ್ರೀತಿ, ನಾಯಿಗಳಿಗೆ ಅದು ಕಟ್ಟಿಹಾಕಿದ ಹಾಗೆ. ಮನೆಗೆ ಬರುವ ನೆಂಟರಿಗೆ ನಾನು ನೇರವಾಗಿ ಹೇಳ್ತೀನಿ, ಮಗುವನ್ನು ನಾಯಿಯ ಪಕ್ಕ ಕೂರಿಸಿ ಫೋಟೊ ಬೇಡ. ನೆಂಟರ ಮಕ್ಕಳು ಬಂದಾಗಲಂತೂ ನಮ್ಮ ನಾಯಿ ಒಳಕೋಣೆಯಲ್ಲೇ. ಮನೆ ಮಕ್ಕಳನ್ನು ಸಹಿಸುವ ನಾಯಿ ಎಲ್ಲ ಮಕ್ಕಳನ್ನೂ ಸಹಿಸುತ್ತೆ ಅಂತಿಲ್ಲ. ಸಂಕೋಚ ಪಡಬೇಡಿ, "ಇವತ್ತು ಅವನಿಗೆ ವಿಶ್ರಾಂತಿ" ಅಂದರೆ ಮುಗೀತು.

ಮಕ್ಕಳ ವಾರ್ಡಿನ ನರ್ಸ್

ಇಷ್ಟೆಲ್ಲ ಮಾಡಿಯೂ ಹಲ್ಲು ತಾಗಿದರೆ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ, ಬರೆಯುತ್ತೇನೆ.

ಮೊದಲು ನಾಯಿಯನ್ನು ಗೇಟಿನ ಆಚೆ ಹಾಕಿ. ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಾಕಿ, 15 ನಿಮಿಷ ತೊಳೆಯಿರಿ. ಮಗು ಅಳುತ್ತಿರುವಾಗ ಇದು ಬಹಳ ಹೊತ್ತು ಅನ್ನಿಸುತ್ತದೆ, ಗಡಿಯಾರ ನೋಡಿಕೊಂಡೇ ತೊಳೆಯಿರಿ. ರಕ್ತ ಚಿಮ್ಮುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ನೇರ ಆಸ್ಪತ್ರೆಗೆ. ಮನೆಯ ಪುಡಿ, ಎಲೆ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಗಾಯ ಚಿಕ್ಕದು ಅಂತ ಮನೆಯಲ್ಲಿ ಕೂರಬೇಡಿ. ನಾಯಿಯ ಹಲ್ಲು ಹೊರಗೆ ಚಿಕ್ಕ ತೂತು ಮಾಡಿ ಒಳಗೆ ಆಳಕ್ಕೆ ಇಳಿದಿರುತ್ತದೆ, ಕೈಯ ಗಾಯಗಳಂತೂ ಬೇಗ ಕೀವಾಗಬಹುದು. ರೇಬೀಸ್ ಇರುವ ಪ್ರದೇಶವಾದರೆ ಮನೆಯ ನಾಯಿಗೆ ಲಸಿಕೆ ಆಗಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ, ಲಸಿಕೆ ಬೇಕೋ ಬೇಡವೋ ಅಂತ ಅವರೇ ನಿರ್ಧರಿಸಲಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ನಾಯಿಯನ್ನು 10 ದಿನ ಗಮನಿಸುವುದು ಸರಿ, ಆದರೆ ಅದಕ್ಕೆ ಕಾಯುತ್ತಾ ಚಿಕಿತ್ಸೆ ಮುಂದೂಡಬೇಡಿ. ಧನುರ್ವಾಯು ಚುಚ್ಚುಮದ್ದಿನ ವಿಷಯವನ್ನೂ ಕೇಳಿ.

ಇನ್ನೊಂದು ವಿನಂತಿ. ಬೈತಾರೆ ಅನ್ನುವ ಹೆದರಿಕೆಗೆ ಗಾಯ ಮುಚ್ಚಿಡುವ ಮಕ್ಕಳಿದ್ದಾರೆ. "ನಾಯಿ ಪರಚಿದರೂ, ಕಚ್ಚಿದರೂ ನನಗೆ ಹೇಳು, ಬೈಯಲ್ಲ" ಅಂತ ಮೊದಲೇ ಹೇಳಿಟ್ಟಿರಿ.

ಬೇರೆ ಮನೆ ಹುಡುಕಿದವಳು

ಅತ್ತೆಯವರ ಮಾತನ್ನು ಯಾರೂ ತಳ್ಳಿಹಾಕಬೇಡಿ. ಎಲ್ಲ ಮನೆಯಲ್ಲೂ ಇದು ಕೂಡಿಬರುವುದಿಲ್ಲ. ನಮ್ಮ ನಾಯಿಗೆ ಮಕ್ಕಳ ದನಿಯೇ ಆಗುತ್ತಿರಲಿಲ್ಲ. ಗೇಟಿನ ಆಚೆ ಕೂಡ ನಡುಗುತ್ತಿತ್ತು, ಊಟ ಬಿಡುತ್ತಿತ್ತು. ಔಷಧಿ, ತರಬೇತಿ ಎರಡೂ ಆಯ್ತು. ಕೊನೆಗೆ ಮಕ್ಕಳಿಲ್ಲದ ಪರಿಚಯದ ದಂಪತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಒಪ್ಪಿಸಿದೆವು. ಈಗ ಅದು ದಿನವಿಡೀ ಕಾಲು ಚಾಚಿ ಮಲಗುತ್ತದಂತೆ. ಪ್ರೀತಿಯಿದ್ದೂ ಹೀಗೆ ಮಾಡಬೇಕಾಗಿ ಬಂದವರು ತಲೆ ತಗ್ಗಿಸಬೇಕಾಗಿಲ್ಲ. ಆದರೆ ಬೀದಿಗೆ ಬಿಡುವುದು, ಗುರ್ ಅಂದದ್ದನ್ನು ಮುಚ್ಚಿಟ್ಟು ಇನ್ನೊಂದು ಮಗುವಿರುವ ಮನೆಗೆ ದಾಟಿಸುವುದು, ಇವೆರಡು ಮಾತ್ರ ಮಾಡಲೇಬೇಡಿ.

ಕರಿಯನ ಮನೆಯವಳು

ಎಲ್ಲರಿಗೂ ಉತ್ತರ ಬರೆಯಲು ತಡವಾಯ್ತು. ಕರಿಯನನ್ನು ತೋರಿಸಿ ಬಂದ್ವಿ. ಎಕ್ಸ್‌ರೇ ತೆಗೆದರು. ಎಡಗಡೆ ಸೊಂಟದ ಕೀಲು ಸವೆದಿದೆ, ಮಗಳು ಕೈ ಊರಿದ್ದು ಸರಿಯಾಗಿ ಅಲ್ಲೇ. ನೋವಿನ ಔಷಧಿ ಶುರುವಾಗಿದೆ, ತೂಕ ಇಳಿಸಲು ಹೇಳಿದ್ದಾರೆ, ಜಾರುವ ನೆಲದ ಮೇಲೆ ರಬ್ಬರ್ ಚಾಪೆ ಹಾಸಿದ್ದೀವಿ.

ಎಕ್ಸ್‌ರೇ ನೋಡಿದ ಮೇಲೆ ಯಜಮಾನರು ಗದರುವ ಮಾತೇ ಎತ್ತಲಿಲ್ಲ. ಸಂಜೆ ಅವರೇ ನೆಲದ ಮೇಲೆ ಕೂತು "ಕರಿಯಾ, ಬಾ" ಆಟ ಆಡಿಸ್ತಾರೆ. ಅತ್ತೆಗೆ ಆಕಳಿಕೆ, ಕಣ್ಣಿನ ಬಿಳಿಭಾಗ ಎಲ್ಲ ತೋರಿಸಿಕೊಟ್ಟೆ. ಈಗ ನನಗಿಂತ ಮೊದಲು ಅವರ ಕಣ್ಣಿಗೇ ಬೀಳುತ್ತೆ, "ಮಗೂನ ಎತ್ಕೊಳೇ, ಅವನು ಮುಖ ತಿರುಗಿಸ್ದ" ಅಂತ ಕೂಗ್ತಾರೆ. ಕೊಟ್ಟುಬಿಡಿ ಅನ್ನುವ ಮಾತು ಪೂರ್ತಿ ಹೋಗಿಲ್ಲ. ಅವಳು ನಡೆಯಲು ಶುರುಮಾಡುವ ತನಕ ನೋಡೋಣ ಅಂದಿದ್ದಾರೆ, ನಾನೂ ಒಪ್ಪಿದ್ದೀನಿ.

ಗೇಟಿನ ಬಗ್ಗೆ ಒಂದು ಪ್ರಶ್ನೆ ಉಳಿದಿದೆ. ಬಾಗಿಲ ಚೌಕಟ್ಟಿಗೆ ಒತ್ತಿ ಕೂರಿಸುವಂಥದ್ದು ತಂದಿದ್ದೀವಿ. ಮಗಳು ಕಂಬಿ ಹಿಡಿದು ಎದ್ದು ನಿಂತು ಒಳಗೆ ಕೈ ಚಾಚ್ತಾಳೆ, ಕರಿಯನ ಹಾಸಿಗೆ ಅಲ್ಲೇ ಪಕ್ಕದಲ್ಲಿದೆ. ಮತ್ತೆ ಮೆಟ್ಟಿಲ ಮೇಲ್ಗಡೆಗೂ ಇದೇ ಥರದ್ದು ಹಾಕಬಹುದಾ?

ಅವಳಿ ಮಕ್ಕಳ ಅಮ್ಮ

ಮೆಟ್ಟಿಲ ಮೇಲ್ಗಡೆಗೆ ಅದು ಬೇಡ. ಮಗು ಅಥವಾ ನಾಯಿ ಮೈಭಾರ ಹಾಕಿದರೆ ಒತ್ತಿ ಕೂರಿಸಿದ್ದು ಜಾರಿ ಬರಬಹುದು, ಅದರ ಕೆಳಗಿನ ಪಟ್ಟಿಗೆ ದೊಡ್ಡವರ ಕಾಲೂ ಎಡವುತ್ತೆ. ಅಲ್ಲಿಗೆ ಗೋಡೆಗೆ ಸ್ಕ್ರೂ ಹಾಕಿ ಬಿಗಿಯುವಂಥದ್ದೇ ಆಗಬೇಕು. ಕೋಣೆಯ ಬಾಗಿಲಿಗೆ ಈಗಿರುವುದು ನಡೆಯುತ್ತೆ, ವಾರಕ್ಕೊಮ್ಮೆ ಅಲ್ಲಾಡಿಸಿ ನೋಡಿ ತಿರುಪು ಬಿಗಿ ಮಾಡಿ. ಕರಿಯನ ಹಾಸಿಗೆಯನ್ನು ಮಾತ್ರ ಇವತ್ತೇ ಗೇಟಿನಿಂದ ದೂರಕ್ಕೆ, ಅವಳ ಕೈ ಎಷ್ಟೇ ಚಾಚಿದರೂ ಎಟುಕದಷ್ಟು ಒಳಕ್ಕೆ ಸರಿಸಿ. ಕಂಬಿಯ ಕೆಳಗಿನ ಅರ್ಧಕ್ಕೆ ದಪ್ಪ ಬಟ್ಟೆ ಬಿಗಿದು ಕಟ್ಟಿದರೆ ಕೈ ತೂರಿಸುವುದೂ ನಿಲ್ಲುತ್ತೆ, ಅವನಿಗೆ ಸ್ವಲ್ಪ ಮರೆಯೂ ಆಗುತ್ತೆ. ನೀರಿನ ಬಟ್ಟಲನ್ನೂ ಒಳಗೇ ಇಡಿ.